ಯಾರ ಪರ ವಕೀಲರು?

ಹೆತ್ತವರನ್ನು, ಹಿರಿಯರನ್ನು ಮಕ್ಕಳು ನೋಡಿಕೊಳ್ಳದೆ ಕೈಬಿಟ್ಟಾಗ ನೆರವಾಗಲೆಂದು 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 17ನೇ ಸೆಕ್ಷನ್ ಓದಿದಾಗ ನನಗೆ ಮೊದಲು ಸಮಾಧಾನವೇ ಆಗಿತ್ತು. ಈ ಕಾಯ್ದೆಯ ವಿಚಾರಣೆಗಳಲ್ಲಿ ಯಾರ ಪರವಾಗಿಯೂ ವಕೀಲರು ನಿಲ್ಲುವಂತಿಲ್ಲ ಎನ್ನುತ್ತದೆ ಅದು. ನಮ್ಮಲ್ಲಿ ಈ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಯೇ ಅಧ್ಯಕ್ಷರು. ಜನರ ಬಾಯಲ್ಲಿ ಅದು ಎಸಿ ಕೋರ್ಟು. ಎಂಬತ್ತರ ಅಜ್ಜಿಯೊಬ್ಬಳು ವಕಾಲತ್ತು, ವಾಯಿದೆಗಳ ಗೊಡವೆಯಿಲ್ಲದೆ ಎಸಿಯವರ ಎದುರು ನಿಂತು ಮಗ ನೋಡಿಕೊಳ್ಳುತ್ತಿಲ್ಲ ಎಂದು ಹೇಳಬಹುದು. ನೋಟಿಸು ಜಾರಿಯಾದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು. ಈ ನಿರ್ಬಂಧ ವಕೀಲರ ಕಾಯ್ದೆಗೆ ವಿರುದ್ಧ ಎಂದು 2021ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದುಂಟು. ಅದೇನೇ ಇರಲಿ, ಸೆಕ್ಷನ್ನಿನ ಆಶಯ ನನಗೆ ಇಂದಿಗೂ ಒಳ್ಳೆಯದೆಂದೇ ತೋರುತ್ತದೆ.

ಆದರೆ ಎಸಿ ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ. ಆ ಅಜ್ಜಿಗೆ ವಕೀಲರು ಬೇಕಿದ್ದದ್ದು ಎಷ್ಟೋ ವರ್ಷಗಳ ಹಿಂದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವುದಕ್ಕೂ ಮುಂಚೆ. ಅಲ್ಲಿ ಸಾಮಾನ್ಯವಾಗಿ ಇರುವವರು ಪತ್ರ ಬರೆಯುವವರು, ಸಾಕ್ಷಿಗಳು, ಮಗ, ಮಗನ ಗೆಳೆಯರು. ಎಲ್ಲ ಓಡಾಟ ಮಗನದೇ. ಪತ್ರ ಬರೆಯುವವರಿಗೆ ದುಡ್ಡು ಕೊಡುವವನೂ ಅವನೇ. ಅಲ್ಲಿಗೆ ಬಂದವರಲ್ಲಿ ಅಜ್ಜಿಯ ಪರವಾಗಿ ಮಾತ್ರ ಬಂದವರು ಒಬ್ಬರೂ ಇರುವುದಿಲ್ಲ.

ಅದೇ ಕಾಯ್ದೆಯ 23ನೇ ಸೆಕ್ಷನ್ ಹಿರಿಯರ ಕೈಯಲ್ಲಿರುವ ದೊಡ್ಡ ಬಲ. ಆಸ್ತಿ ಪಡೆದವರು ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ದಾನಪತ್ರ ಮಾಡಿಕೊಟ್ಟಿದ್ದು, ಪಡೆದವರು ಆ ಮಾತಿಗೆ ತಪ್ಪಿದರೆ, ಪತ್ರವನ್ನು ರದ್ದು ಮಾಡಿಸಬಹುದು. ಎಲ್ಲವೂ ನಿಂತಿರುವುದು ಆ ಷರತ್ತಿನ ಮೇಲೆ. ಅಂಥ ಷರತ್ತು ಇತ್ತೆಂಬುದು ಸಾಬೀತಾಗದೆ ಪತ್ರ ರದ್ದಾಗದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು, ಇದು ಹಿರಿಯರ ಹಿತಕ್ಕೆಂದು ಬಂದ ಕಾಯ್ದೆ, ಉದಾರವಾಗಿ ಓದಬೇಕು ಎಂದು ಹೇಳಿ, ದಾನಪತ್ರದ ಜೊತೆಗಿದ್ದ ವಚನಪತ್ರವನ್ನೂ ಪರಿಗಣಿಸಿ, ತಾಯಿಗೆ ಆಸ್ತಿ ಮರಳಿ ಕೊಡಿಸಿತು. ತಾಯಿ ಗೆದ್ದರು ಎಂದು ನಾವು ಸಂತೋಷಪಡುತ್ತೇವೆ. ಆದರೆ ತನ್ನನ್ನು ನೋಡಿಕೊಳ್ಳಬೇಕು ಎಂಬಷ್ಟು ಸಣ್ಣ ಮಾತಿಗಾಗಿ ಒಬ್ಬ ತಾಯಿ ದೆಹಲಿಯವರೆಗೆ ಹೋಗಬೇಕಾಯಿತಲ್ಲ ಎಂದು ನೆನೆದಾಗ ನನಗೆ ಸಂಕಟವಾಗುತ್ತದೆ.

ಆ ಒಂದು ಸಾಲು ಬರೆಸುವುದು ನಮ್ಮ ಮನೆಗಳಲ್ಲಿ ಯಾಕಿಷ್ಟು ಕಷ್ಟ? ದಾನಪತ್ರಗಳೆಲ್ಲ ‘ಪ್ರೀತಿ ವಿಶ್ವಾಸದಿಂದ’ ಎಂದೇ ಶುರುವಾಗುತ್ತವೆ. ಹಾಗೆ ಬರೆದ ಕಾಗದದಲ್ಲೇ ‘ನನಗೆ ಊಟ, ಔಷಧ, ಇರಲು ಕೋಣೆ ಕೊಡತಕ್ಕದ್ದು’ ಎಂದು ಬರೆಸಿದರೆ ಮಗನ ಮುಖ ಸಣ್ಣದಾಗುತ್ತದೆ ಎಂದು ತಾಯಿಗೆ ಅಳುಕು. ‘ನನ್ನ ಮೇಲೆ ನಂಬಿಕೆ ಇಲ್ವಾ ಅಮ್ಮ?’ ಎಂದು ಅವನು ಕೇಳಿಬಿಟ್ಟರೆ ಎಂಬ ಭಯ. ನಿಜವಾಗಿ ನೋಡಿಕೊಳ್ಳುವ ಮಗನಿಗೆ ಆ ಸಾಲಿನಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಇದನ್ನು ತಾಯಿ ಹೇಳಲಾರಳು, ಮಗನಿಗೆ ಹೇಳಲು ಮನಸ್ಸಿರುವುದಿಲ್ಲ. ಹೇಳಲು ಮೂರನೆಯವರೊಬ್ಬರು ಬೇಕು.

ನಮ್ಮ ದೊಡ್ಡಮ್ಮನ ಜೊತೆ ಶಿವಮೊಗ್ಗದ ವಕೀಲರೊಬ್ಬರ ಕಚೇರಿಗೆ ಹೋದಾಗ ಆ ಮೂರನೆಯವರನ್ನು ಕಂಡೆ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಉಯಿಲು ಬರೆದಿರಲಿಲ್ಲ. ಮನೆ ಅವರ ಸ್ವಂತ ಸಂಪಾದನೆಯದು. ಖಾತೆ ದೊಡ್ಡಮ್ಮನ ಹೆಸರಿಗೆ ಬದಲಾಗಿತ್ತು. ಮನೆಯನ್ನು ಹಿರಿಯ ಮಗನಿಗೆ ದಾನ ಮಾಡಿಕೊಡುವುದು ಎಂದು ಮಾತಾಗಿ, ಪತ್ರ ಸಿದ್ಧಪಡಿಸಿಕೊಳ್ಳಲು ಎಲ್ಲರೂ ಹೊರಟಿದ್ದೆವು. ವಕೀಲರು ದೊಡ್ಡಮ್ಮನನ್ನು ಏನೋ ಕೇಳಿದರೆ ಅಣ್ಣ ಉತ್ತರ ಕೊಡುತ್ತಿದ್ದ. ‘ಅಮ್ಮಂಗೆ ಇದೆಲ್ಲ ಗೊತ್ತಾಗಲ್ಲ ಸಾರ್, ನಾನೇ ಹೇಳ್ತೀನಿ.’ ಅವನು ಕೆಟ್ಟವನಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರ ಎದುರೂ ಅವನು ಹಾಗೆಯೇ ಮಾತಾಡುವುದು.

ಸ್ವಲ್ಪ ಹೊತ್ತು ಕೇಳಿಸಿಕೊಂಡು ವಕೀಲರು, ‘ನೀವೆಲ್ಲ ಒಂದರ್ಧ ಗಂಟೆ ಹೊರಗೆ ಕೂತಿರಿ. ನಾನು ಅಮ್ಮನ ಹತ್ರ ಮಾತಾಡ್ಬೇಕು’ ಎಂದರು. ಅಣ್ಣ ಕೂತಲ್ಲೇ ಕೂತಿದ್ದ. ‘ನೀವೂನು’ ಎಂದರು.

ಹೊರಗಿನ ಬೆಂಚಿನ ಮೇಲೆ ನಮಗೆ ಯಾರಿಗೂ ಮಾತು ಬರಲಿಲ್ಲ. ದೊಡ್ಡಮ್ಮನ ಊಟ, ಮಾತ್ರೆ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ನಮಗೆ ಗೊತ್ತು. ಮುಚ್ಚಿದ ಬಾಗಿಲ ಹಿಂದೆ ಆಕೆ ಏನು ಹೇಳುತ್ತಿರಬಹುದು ಎಂದು ಮಾತ್ರ ಊಹಿಸಲಾಗಲಿಲ್ಲ. ಆಕೆಗೆ ಏನು ಬೇಕು ಎಂದು ನಮ್ಮಲ್ಲಿ ಯಾರೂ ಆಕೆಯನ್ನು ಕೇಳಿರಲೇ ಇಲ್ಲ. ‘ಅವಳಿಗೇನು ಬೇಕು, ಮಕ್ಕಳು ಚೆನ್ನಾಗಿದ್ದರೆ ಸಾಕು’ ಎಂದು ನಾವೇ ಅಂದುಕೊಂಡಿದ್ದೆವು.

ಒಳಗೆ ಕರೆದ ಮೇಲೆ ವಕೀಲರು ಕಾನೂನಿನ ಭಾಗವನ್ನಷ್ಟೇ ಹೇಳಿದರು. ಖಾತೆ ಹೆಸರಿಗೆ ಬಂದ ಮಾತ್ರಕ್ಕೆ ಇಡೀ ಮನೆ ಆಕೆಯದಾಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಲ್ಲದೆ ತೀರಿಕೊಂಡ ದೊಡ್ಡಪ್ಪನ ಆಸ್ತಿಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು ನಾಲ್ವರಿಗೂ ಸಮಪಾಲು. ಆಕೆ ದಾನ ಕೊಡಬಹುದಾದದ್ದು ಕಾಲು ಭಾಗ ಮಾತ್ರ. ಇ.ಸಿ. ತೆಗೆಸಿ, ವಂಶವೃಕ್ಷ ಮಾಡಿಸಿ, ಮೂಲ ಕ್ರಯಪತ್ರ ತನ್ನಿ ಎಂದರು. ಆಮೇಲೆ, ‘ಅಮ್ಮ ಈಗ ದಾನಪತ್ರ ಮಾಡೋದು ಬೇಡ ಅಂದಿದಾರೆ’ ಎಂದರು. ಅಣ್ಣ ತಾಯಿಯ ಮುಖ ನೋಡಿದ. ಆಕೆ ತಲೆ ತಗ್ಗಿಸಲಿಲ್ಲ.

ನಮ್ಮಲ್ಲಿ ಹಿರಿಯರಿಗೆಂದೇ ಪ್ರತ್ಯೇಕ ವಕೀಲರ ವರ್ಗವಿಲ್ಲ. ಅಮೆರಿಕದಲ್ಲಿ ಇದೆ, ‘ಎಲ್ಡರ್ ಲಾ’ ಎಂದೇ ಬೋರ್ಡು ಹಾಕಿಕೊಳ್ಳುತ್ತಾರೆ. ಅಲ್ಲಿರುವ ನಮ್ಮ ಮಕ್ಕಳು ಊರಿಗೆ ಫೋನು ಮಾಡಿ, ‘ಅಪ್ಪನ ಹತ್ರ ಒಂದು ಜಿಪಿಎ ಬರೆಸಿಟ್ಕೊಳ್ಳಿ, ಮುಂದೆ ಮರೆವು ಬಂದರೆ ಕಷ್ಟ’ ಎನ್ನುವುದನ್ನು ಕೇಳಿದ್ದೇನೆ. ಬರೆದವರ ಬುದ್ಧಿ ಮಂಕಾದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರ ಅಲ್ಲಿ ಉಂಟು. ಇಲ್ಲಿ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಕೊಟ್ಟ ಅಧಿಕಾರವೂ ಕೊನೆಯಾಗುತ್ತದೆ. ಯಾವ ದಿನಕ್ಕೆಂದು ಬರೆಸಿದ್ದೆವೋ ಆ ದಿನ ಬಂದಾಗಲೇ ಅದು ಕೈಕೊಡುತ್ತದೆ. ಅಲ್ಜೈಮರ್ ಆದವರ ಆಸ್ತಿ, ಹಣ ನೋಡಿಕೊಳ್ಳಲು ರಕ್ಷಕರನ್ನಾಗಿ ನೇಮಿಸಿ ಎಂದು ಮನೆಯವರು ಹೈಕೋರ್ಟಿಗೆ ರಿಟ್ ಹಾಕಿಕೊಳ್ಳಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ. ಬುದ್ಧಿ ಚುರುಕಾಗಿರುವಾಗಲೇ ಉಯಿಲು ಬರೆದು, ಬ್ಯಾಂಕಿನ ಖಾತೆಯನ್ನು ಜಂಟಿ ಮಾಡಿಸಿ, ಚಿಕಿತ್ಸೆ ಎಲ್ಲಿಯವರೆಗೆ ಬೇಕು ಎಂಬುದನ್ನೂ ಬರೆದಿಡುವುದು ಕ್ಷೇಮ. ಚಿಕಿತ್ಸೆಯ ಆ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿದರೆ ಸಾಕು.

ಹಾಗಾದರೆ ಎಂಥ ವಕೀಲರನ್ನು ಹುಡುಕಬೇಕು ಎಂದು ಪರಿಚಿತರು ಕೇಳುತ್ತಾರೆ. ದೊಡ್ಡ ಹೆಸರು ಬೇಕಿಲ್ಲ, ಸಿವಿಲ್ ಕೆಲಸ ಬಲ್ಲವರಾದರೆ ಸಾಕು. ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. 14567 ಹಿರಿಯರ ಸಹಾಯವಾಣಿಯಲ್ಲೂ ದಾರಿ ಹೇಳುತ್ತಾರೆ. ನಾನು ನೋಡುವುದು ಒಂದನ್ನೇ: ಕರೆದುಕೊಂಡು ಹೋದ ನಮ್ಮನ್ನು ಅವರು ಹೊರಗೆ ಕಳಿಸುತ್ತಾರೋ ಇಲ್ಲವೋ. ಕಳಿಸದೆ, ನಮ್ಮ ಮಾತನ್ನೇ ಹಿರಿಯರ ಮಾತೆಂದು ಬರೆದುಕೊಳ್ಳುವವರು ಕರೆತಂದವರ ವಕೀಲರು, ಹಿರಿಯರ ವಕೀಲರಲ್ಲ. ನಮಗೆ ಒಳ್ಳೆಯ ಉದ್ದೇಶವೇ ಇದ್ದರೂ ಅದು ಬದಲಾಗುವುದಿಲ್ಲ. ನಾವು ಕಾರಿನಲ್ಲಿ ಕರೆದೊಯ್ದಿದ್ದೇವೆ, ಫೀಸು ಕೊಡುತ್ತಿದ್ದೇವೆ, ಮುಂದೆ ಆಸ್ತಿಗೆ ಹಕ್ಕುದಾರರೂ ಆಗಬಹುದು. ಇಷ್ಟೆಲ್ಲ ಆಗಿದ್ದುಕೊಂಡು ಅವರ ಬಾಯಿಯೂ ನಾವೇ ಆಗುವುದು ನ್ಯಾಯವಲ್ಲ.

ದೊಡ್ಡಮ್ಮ ವಕೀಲರ ಫೀಸನ್ನು ತನ್ನ ಪಿಂಚಣಿಯಿಂದಲೇ ಕೊಟ್ಟಳು, ರಸೀದಿ ತನ್ನ ಹೆಸರಿಗೆ ಬರೆಸಿಕೊಂಡಳು. ತನ್ನ ಕಾಲು ಪಾಲಿಗೆ ಉಯಿಲು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸಿದಳು. ಬೇಕೆನಿಸಿದಾಗ ಬದಲಾಯಿಸಬಹುದು ಎಂಬುದು ಆಕೆಗೆ ಹಿಡಿಸಿದ ಸಂಗತಿ. ಅದರಲ್ಲಿ ಏನಿದೆ ಎಂದು ಅಣ್ಣ ಆಮೇಲೆ ವಕೀಲರಿಗೆ ಫೋನು ಮಾಡಿ ಕೇಳಿದನಂತೆ. ‘ಅಮ್ಮನನ್ನೇ ಕೇಳಿ’ ಎಂದರಂತೆ ಅವರು. ಅವನಿಗೆ ಸಿಟ್ಟು ಬಂದು ನನ್ನ ಹತ್ತಿರ ದೂರಿದ. ನಾನು ಅವನಿಗೆ ಹೇಳಿದ್ದೂ ಅದನ್ನೇ: ಅಮ್ಮನನ್ನೇ ಕೇಳು. ಮುಂದಿನ ಭಾನುವಾರ ಅವನು ಊರಿಗೆ ಹೋಗಿ ಕೇಳಿದ. ದೊಡ್ಡಮ್ಮ ಉಯಿಲಿನ ಸುದ್ದಿ ಎತ್ತಲಿಲ್ಲವಂತೆ. ತಂಗಿ ಬಂದಾಗ ಉಳಿದುಕೊಳ್ಳಲು ಮಹಡಿಯ ಕೋಣೆ ಖಾಲಿ ಇಡಬೇಕು, ಹಿತ್ತಲ ಬಾಗಿಲಿನ ಬೀಗ ಬದಲಾಯಿಸಬೇಕು, ಕಣ್ಣಿನ ಆಪರೇಷನ್ ಇನ್ನು ಮುಂದೂಡಬಾರದು ಎಂದು ಮಾತಾಡಿದಳಂತೆ. ಇಷ್ಟು ವರ್ಷದಲ್ಲಿ ಅಮ್ಮ ತನಗೆ ಬೇಕಾದದ್ದನ್ನು ಹೀಗೆ ಒಂದೊಂದಾಗಿ ಹೇಳಿದ್ದು ಇದೇ ಮೊದಲು ಎಂದು ಅವನೇ ನನಗೆ ಹೇಳಿದ. ಆಪರೇಷನ್ನಿಗೆ ದಿನ ಗೊತ್ತು ಮಾಡಿಸಿದ್ದಾನೆ.