ಗೊತ್ತಿಲ್ಲದೆ ನಡೆಯುವ ಕೆಲಸಗಳು

ಉಸಿರಾಡುವುದನ್ನು ನಮಗೆ ಯಾರೂ ಕಲಿಸಲಿಲ್ಲ. ನಡೆಯುವುದನ್ನು ಕಷ್ಟಪಟ್ಟು ಕಲಿತೆವು, ಆದರೆ ಕಲಿತದ್ದು ನೆನಪಿಲ್ಲ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ 12ರಿಂದ 16 ಸಲ ಉಸಿರಾಡುತ್ತಾನೆ, ದಿನಕ್ಕೆ ಹೆಚ್ಚುಕಡಿಮೆ 20,000 ಸಲ. ನಿನ್ನೆಯ ಅಷ್ಟು ಉಸಿರಿನಲ್ಲಿ ಒಂದಾದರೂ ನಿಮ್ಮ ಗಮನಕ್ಕೆ ಬಂತೇ? ಬಾರದಿದ್ದರೆ ಆರೋಗ್ಯವಾಗಿದ್ದೀರಿ ಎಂದೇ ಲೆಕ್ಕ. ತರಕಾರಿ ತರಲು ಹೊರಟವರು ಯಾವ ಕಾಲು ಮೊದಲು ಎತ್ತಲಿ ಎಂದು ಯೋಚಿಸುವುದಿಲ್ಲ. ಯೋಚಿಸಬೇಕಾಗಿ ಬಂದ ದಿನ ಅದು ಕಾಯಿಲೆ.

ವಾಸಿಯಾಗದೆ ವರ್ಷಗಟ್ಟಲೆ ಜೊತೆಗಿರುವ ಎರಡು ಕಾಯಿಲೆಗಳು ಕಸಿದುಕೊಳ್ಳುವುದು ಈ ನಿಶ್ಚಿಂತೆಯನ್ನೇ. ಒಂದು, ಡಾಕ್ಟರರು ಸಿಒಪಿಡಿ ಎಂದು ಬರೆಯುವ, ಮನೆಯಲ್ಲಿ ನಾವು ದಮ್ಮು ಎನ್ನುವ ಶ್ವಾಸಕೋಶದ ಕಾಯಿಲೆ. ಇನ್ನೊಂದು ಮಿದುಳಿನ ಪಾರ್ಕಿನ್ಸನ್. ಆಸ್ಪತ್ರೆಯಲ್ಲಿ ಇವೆರಡರ ವಿಭಾಗ ಬೇರೆ, ಸರದಿ ಸಾಲು ಬೇರೆ. ಆದರೆ ಎರಡೂ ಮಾಡುವುದು ಒಂದೇ ಕೆಲಸ: ತನ್ನಷ್ಟಕ್ಕೆ ನಡೆಯುತ್ತಿದ್ದುದನ್ನು ರೋಗಿಯ ತಲೆಗೆ ಕಟ್ಟುತ್ತವೆ. ನಾನು ಇವುಗಳ ಬಗ್ಗೆ ಓದತೊಡಗಿದ್ದು ಮರುಕದಿಂದ. ಓದುತ್ತಾ ಹೋದ ಹಾಗೆ ಮರುಕದ ಜಾಗಕ್ಕೆ ಬೆರಗು ಬಂದು ಕೂತಿತು.

ಉಸಿರಿನ ತಾಳ ಹಾಕುವವರು ಯಾರು ಎಂಬುದಕ್ಕೆ ನಿಖರವಾದ ಉತ್ತರ ಸಿಕ್ಕಿದ್ದು ತೀರಾ ಈಚೆಗೆ, 1991ರಲ್ಲಿ. ಜ್ಯಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಮಿದುಳಿನ ಬುಡದಲ್ಲಿ, ಕತ್ತಿನ ಮೇಲ್ಭಾಗದಲ್ಲಿ, ಕೆಲವೇ ಸಾವಿರ ನರಕೋಶಗಳ ಒಂದು ಗುಂಪನ್ನು ಗುರುತಿಸಿದರು. ಅದಕ್ಕೆ ಇಟ್ಟ ಹೆಸರು ಪ್ರಿ-ಬೋಟ್ಸಿಂಗರ್. ಜರ್ಮನಿಯ ಒಂದು ವಿಚಾರಸಂಕಿರಣದಲ್ಲಿ ಊಟದ ಮೇಜಿನ ಮೇಲಿದ್ದ ದ್ರಾಕ್ಷಾರಸದ ಬಾಟಲಿಯ ಚೀಟಿಯಿಂದ ಹುಟ್ಟಿದ ಹೆಸರು ಅದು. ನಮ್ಮ ಪ್ರಾಣವಾಯುವಿನ ಕಾವಲುಗಾರನಿಗೆ ಮದ್ಯದ ಹೆಸರು! ಇರಲಿ. ಆ ಗುಂಪು ಹುಟ್ಟಿನಿಂದ ಸಾಯುವವರೆಗೆ ರಜೆಯಿಲ್ಲದೆ ತಾಳ ಹಾಕುತ್ತದೆ. ಬೇಕೆಂದಾಗ ನಾವು ಅದರ ಕೈಯಿಂದ ಉಸಿರನ್ನು ಕಸಿದುಕೊಂಡು ಹಾಡಬಹುದು, ಶಂಖ ಊದಬಹುದು, ಕೆರೆಯಲ್ಲಿ ಮುಳುಗು ಹಾಕಬಹುದು. ಬಿಟ್ಟ ತಕ್ಷಣ ಅದು ಮತ್ತೆ ತನ್ನ ಕೆಲಸ ಹಿಡಿಯುತ್ತದೆ.

ದಮ್ಮಿನವರಲ್ಲಿ ಈ ತಾಳಗಾರನದೇನೂ ತಪ್ಪಿಲ್ಲ. ಕೆಟ್ಟಿರುವುದು ಗಾಳಿಯ ದಾರಿ. "ಉಸಿರು ಸಿಗ್ತಿಲ್ಲ" ಎಂದು ಅವರು ಹೇಳುವಾಗ ನಾವು ಎದೆ ಬರಿದಾಗಿದೆ ಎಂದುಕೊಳ್ಳುತ್ತೇವೆ. ನಿಜ ಅದಕ್ಕೆ ವಿರುದ್ಧ. ಕಿರಿದಾದ ಕೊಳವೆಗಳಲ್ಲಿ ಹಳೆಯ ಗಾಳಿ ಹೊರಬೀಳದೆ ಉಳಿದು ಎದೆ ಉಬ್ಬಿಕೊಂಡಿರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ ಅವರ ಪ್ರತಿ ಉಸಿರೂ. ಆದ್ದರಿಂದ ಕಲಿಯಬೇಕಾದದ್ದು ಬಿಡುವುದನ್ನು. ಶಿಳ್ಳೆ ಹಾಕುವವರಂತೆ ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಟ್ಟರೆ, ತುಟಿಯ ಬಳಿ ಹುಟ್ಟಿದ ಒತ್ತಡ ಒಳಗಿನ ಕೊಳವೆಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಫಿಸಿಯೋಥೆರಪಿಯವರು ಹೇಳಿಕೊಡುವ ಈ ಉಪಾಯವನ್ನು ಎಷ್ಟೋ ರೋಗಿಗಳು ಯಾರೂ ಹೇಳದೆಯೇ ಕಂಡುಕೊಂಡಿರುತ್ತಾರೆ.

ಕಾರಣದ ವಿಷಯಕ್ಕೆ ಬಂದರೆ ಒಂದು ಮಾತು ಹೇಳಲೇಬೇಕು. ದಮ್ಮಿನ ಚರ್ಚೆಯಲ್ಲಿ ಗಂಡಸರ ಬೀಡಿ ಸಿಗರೇಟಿಗೆ ಮೊದಲಿನಿಂದಲೂ ಲೆಕ್ಕ ಇತ್ತು, ಹೆಂಗಸರ ಒಲೆಯ ಹೊಗೆಗೆ ಇರಲಿಲ್ಲ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅಂಥ ಎಷ್ಟು ವರ್ಷ ಎಂದು ಗುಣಿಸಿ ನೋಡುವ ಒಂದು ಅಳತೆ ಇದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ಈ ಲೆಕ್ಕ ಹಿಡಿದು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗುಣಿಸಿದ ಸಂಖ್ಯೆ 60 ಮುಟ್ಟಿದಲ್ಲಿಂದ ದೀರ್ಘಕಾಲದ ಕಫ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ ಎಂದು ಅದು ಹೇಳಿತು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ. ಸೌದೆ ಒಲೆಯ ಮುಂದೆ ಸಂಸಾರ ಸಾಗಿಸಿದ ನಮ್ಮ ಅಜ್ಜಿಯಂದಿರು ಆ ಗಡಿಯನ್ನು ನಡುವಯಸ್ಸಿಗೆ ಮೊದಲೇ ದಾಟಿದ್ದರು.

ಇನ್ನು ಬೀಸಣಿಗೆ. ನಗಬೇಡಿ. 1987ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತರಲ್ಲೇ ಬೇಕೆಂದು ಏದುಸಿರು ತರಿಸಿ, ಕೆನ್ನೆಗೆ ತಣ್ಣನೆ ಗಾಳಿ ಹಾಯಿಸಿದರು. ಉಸಿರಿನ ಸಂಕಟ ಇಳಿಯಿತು. 2010ರಲ್ಲಿ ಇಂಗ್ಲೆಂಡಿನಲ್ಲಿ 50 ಮಂದಿ ರೋಗಿಗಳ ಕೈಗೆ ಪುಟ್ಟ ಬ್ಯಾಟರಿ ಫ್ಯಾನ್ ಕೊಟ್ಟು, ಐದು ನಿಮಿಷ ಮುಖಕ್ಕೆ, ಐದು ನಿಮಿಷ ಕಾಲಿಗೆ ಹಿಡಿಸಿದರು. ಮುಖಕ್ಕೆ ಹಿಡಿದಾಗ ಏದುಸಿರು ಕಡಿಮೆಯಾಯಿತು, ಕಾಲಿಗೆ ಹಿಡಿದಾಗ ಆ ಪರಿಣಾಮ ಕಾಣಲಿಲ್ಲ. ಮುಖದ ತಂಪನ್ನು ಒಯ್ಯುವ ನರ ಮಿದುಳಿಗೆ ಗಾಳಿ ಆಡುತ್ತಿದೆ ಎಂದು ವರದಿ ಮಾಡುತ್ತದೆ, ಮಿದುಳು ತುಸು ಸಮಾಧಾನಗೊಳ್ಳುತ್ತದೆ. ಅದೇ ವರ್ಷ ಇನ್ನೊಂದು ಪರೀಕ್ಷೆ ನಡೆಯಿತು. ರಕ್ತದಲ್ಲಿ ಆಮ್ಲಜನಕದ ತೀವ್ರ ಕೊರತೆ ಇಲ್ಲದೆಯೂ ಏದುಸಿರು ಬಿಡುತ್ತಿದ್ದ, ಮುಂದುವರಿದ ಕಾಯಿಲೆಯ 239 ಮಂದಿಗೆ ಮೂಗಿನ ಕೊಳವೆಯಲ್ಲಿ ಕೆಲವರಿಗೆ ಆಮ್ಲಜನಕ, ಕೆಲವರಿಗೆ ಬರೀ ಕೋಣೆಯ ಗಾಳಿ. ಯಾರಿಗೆ ಯಾವುದು ಎಂದು ಹೇಳಿರಲಿಲ್ಲ. ಎರಡೂ ಗುಂಪಿಗೆ ಒಂದೇ ಸಮ ತುಸು ಹಿತವಾಯಿತು! ನಿಜವಾಗಿ ಆಮ್ಲಜನಕ ಕುಸಿದವರಿಗೆ ಸಿಲಿಂಡರು ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಉಸಿರಿನ ಸಂಕಟ ಶ್ವಾಸಕೋಶದಲ್ಲಿ ಮಾತ್ರ ಇಲ್ಲ, ಮಿದುಳಿನಲ್ಲೂ ಇದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಹೇಗೆ? ದಮ್ಮು ಹತ್ತಿದವರ ಪಕ್ಕ ಕೂತು ಬೀಸಣಿಗೆ ಬೀಸುವ ಹೆಂಗಸರಿಗೆ ಈ ಪುರಾವೆಯೇನೂ ಬೇಕಿರಲಿಲ್ಲ. ಡಾಕ್ಟರರಿಗೆ ಬೇಕಿತ್ತು.

ಪಾರ್ಕಿನ್ಸನ್ನಿನ ಕತೆ ಇನ್ನೂ ವಿಚಿತ್ರ. ಮಿದುಳಿನ ಆಳದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗಿ, ನಡಿಗೆಯಂಥ ರೂಢಿಯ ಚಲನೆಗಳು ಸೋಲುತ್ತವೆ. ಕೆಲವರಿಗೆ ನಡೆಯುತ್ತಿದ್ದ ಹಾಗೆಯೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಹೆಚ್ಚಾಗಿ ತಿರುಗುವಾಗ, ಇಕ್ಕಟ್ಟಿನಲ್ಲಿ, ಬಾಗಿಲ ಹೊಸ್ತಿಲಲ್ಲಿ. ಆದರೆ ಅದೇ ಮನುಷ್ಯ ಮೆಟ್ಟಿಲು ಕಂಡರೆ ಸರಾಗವಾಗಿ ಹತ್ತಬಲ್ಲ. ಲಂಡನ್ನಿನ ವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್ ತಮ್ಮ 1967ರ ಪುಸ್ತಕದಲ್ಲಿ ಇಂಥವರ ದಾರಿಯಲ್ಲಿ ಎಳೆದ ಗೆರೆಗಳ ಬಗ್ಗೆ ಬರೆದರು. ದಾರಿಗೆ ಅಡ್ಡವಾಗಿ, ಒಂದೊಂದು ಹೆಜ್ಜೆ ಅಂತರದಲ್ಲಿ ಗೆರೆ ಎಳೆದರೆ ರೋಗಿ ಗೆರೆ ದಾಟುತ್ತಾ ನಡೆಯುತ್ತಾನೆ. ದಾರಿಯುದ್ದಕ್ಕೂ ಎಳೆದ ಗೆರೆಯಿಂದ ಆ ಉಪಕಾರವಿಲ್ಲ. ಸೀಮೆಸುಣ್ಣದ ಗೆರೆ ಯಾವ ಔಷಧ? ಮಿದುಳಿನಲ್ಲಿ ನಡಿಗೆಗೆ ಒಂದೇ ಬಾಗಿಲಿಲ್ಲ ಎಂಬುದಷ್ಟೇ ಉತ್ತರ. ರೂಢಿಯಿಂದ ನಡೆಯುವ ಬಾಗಿಲು ಮುಚ್ಚಿದಾಗ, ಕಣ್ಣಿಟ್ಟು, ಗುರಿಯಿಟ್ಟು ಹೆಜ್ಜೆ ಹಾಕುವ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ.

2010ರಲ್ಲಿ ನೆದರ್ಲೆಂಡ್ಸಿನ ನರವೈದ್ಯ ಬಾಸ್ ಬ್ಲೂಮ್ ಮತ್ತು ಸಹೋದ್ಯೋಗಿ ಪ್ರಕಟಿಸಿದ ಒಂದು ವಿಡಿಯೋ ಲೋಕವನ್ನೇ ಸುತ್ತಿತು. 58 ವರ್ಷದ ವ್ಯಕ್ತಿ, ಹತ್ತು ವರ್ಷದ ಪಾರ್ಕಿನ್ಸನ್. ಹಿಡಿದುಕೊಂಡರೂ ನಾಲ್ಕು ಹೆಜ್ಜೆ ಇಡಲಾರ, ಬೀಳುತ್ತಾನೆ. ಅದೇ ಮನುಷ್ಯನನ್ನು ಸೈಕಲ್ ಹತ್ತಿಸಿ ಬಿಟ್ಟರೆ ನೆಟ್ಟಗೆ ತುಳಿದುಕೊಂಡು ಹೋಗಿ, ಸಲೀಸಾಗಿ ತಿರುಗಿಸಿಕೊಂಡು ಬರುತ್ತಾನೆ. ಇಳಿದ ಕೂಡಲೇ ಕಾಲು ಮತ್ತೆ ಕಟ್ಟಿತು. ಸುತ್ತುವ ಪೆಡಲೇ ಕಾಲಿಗೆ ತಾಳ ಕೊಡುತ್ತದೆ ಎಂಬುದು ಒಂದು ವಿವರಣೆ. ಈ ಪ್ರಸಂಗದಲ್ಲಿ ನನಗೆ ಮೆಚ್ಚುಗೆಯಾದದ್ದು ಡಾಕ್ಟರರ ನಡತೆ. ಸೈಕಲ್ ಹೊಡೆಯುತ್ತೇನೆ ಎಂದು ಇಂಥ ರೋಗಿ ಹೇಳಿದರೆ ಭ್ರಮೆ ಎಂದು ತಳ್ಳಿಹಾಕುವುದು ಸುಲಭವಿತ್ತು. ಅವರು ತೋರಿಸಿ ಎಂದರು, ನೋಡಿದರು.

ಔಷಧವೂ ಬೆರಗಿನಲ್ಲಿ ಕಡಿಮೆಯೇನಲ್ಲ. ಈ ಕಾಯಿಲೆಯ ಮುಖ್ಯ ಮದ್ದು ಲೆವೊಡೋಪಾ. ಮುಟ್ಟಿದರೆ ಮೈಯೆಲ್ಲಾ ತುರಿಸುವ ನಸುಗುನ್ನಿಯ ಬೀಜದಿಂದ ಅದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದ್ರಾಸಿನ ರಸಾಯನವಿಜ್ಞಾನಿಗಳು 1937ರಲ್ಲೇ ಬೇರ್ಪಡಿಸಿದ್ದರು. ಮಿದುಳಿನಲ್ಲಿ ಡೋಪಮೈನಿಗೆ ಕೆಲಸವಿದೆ ಎಂದು ಜಗತ್ತಿಗೆ ತಿಳಿಯಲು ಮತ್ತೆ 20 ವರ್ಷ ಹಿಡಿಯಿತು. ಬೀಜ ಅರೆದು ಕುಡಿಯಲು ಹೋಗಬೇಡಿ. ಪ್ರಮಾಣ ತಪ್ಪಿದರೆ ಅಪಾಯ.

ಇಂಥ ಸರಳ ಉಪಾಯಗಳು ಈ ಎರಡು ಕಾಯಿಲೆಗಳಿಗಷ್ಟೇ ಅಲ್ಲ. ಕೋವಿಡ್ ಬಂದುಹೋದ ಮೇಲೆ ಉಸಿರು ಸರಿಯಾಗದೆ ತಿಂಗಳುಗಟ್ಟಲೆ ನರಳಿದವರಿಗೆ ಇಂಗ್ಲೆಂಡಿನ ಒಪೆರಾ ಗಾಯಕರು ಆನ್‌ಲೈನ್‌ನಲ್ಲಿ ಆರು ವಾರ ಪಾಠ ಹೇಳಿದರು. ಹೇಳಿಕೊಟ್ಟದ್ದು ಜೋಗುಳ. 150 ಮಂದಿಯ ಆ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು: ಮನಸ್ಸಿನ ನೆಮ್ಮದಿ ಹೆಚ್ಚಿತು, ಏದುಸಿರಿನ ಕೆಲವು ಅಂಶ ಸುಧಾರಿಸಿತು, ದೇಹದ ಶಕ್ತಿಯ ಅಂಕಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎಷ್ಟಾಯಿತೋ ಅಷ್ಟನ್ನೇ ಹೇಳಿದ ಸಂಶೋಧನೆ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಗೆರೆ, ಗಾಳಿ, ಜೋಗುಳ ಇವನ್ನು ಮಾರಿ ಲಾಭ ಮಾಡುವವರಿಲ್ಲ. ಹಾಗಾಗಿ ನಮ್ಮ ಆಸ್ಪತ್ರೆಗಳ ನೂಕುನುಗ್ಗಲಿನಲ್ಲಿ ಇವುಗಳ ಮಾತು ಬರುವುದು ಅಪರೂಪ. ನಿಮ್ಮ ಮನೆಯಲ್ಲಿ ಪಾರ್ಕಿನ್ಸನ್ ಇರುವ ಹಿರಿಯರ ಕಾಲು ಹೊಸ್ತಿಲಲ್ಲಿ ನಿಂತರೆ ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ನಿಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು ದಾಟಲು ಹೇಳಿ, ಇಲ್ಲವೇ ಒಂದು ಎರಡು ಎಂದು ಎಣಿಸಿ. ದಮ್ಮಿನವರ ಮುಖಕ್ಕೆ ಗಾಳಿ ಬೀಸಿ, ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರರನ್ನು ಕಂಡಾಗ ಮಾತ್ರೆಯ ಚೀಟಿಯ ಜೊತೆಗೆ ಫಿಸಿಯೋಥೆರಪಿಗೂ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿ.