ಕಲ್ಲಾದ ದೈತ್ಯ

ಹಣಕ್ಕಾಗಿ ವಂಚಿಸುವವನ ಮನಸ್ಸನ್ನು ಅರಿಯುವುದು ಕಷ್ಟವಲ್ಲ. ಆದರೆ ಪರರ ಶ್ರದ್ಧೆಯನ್ನು ನಗೆಗೀಡುಮಾಡಬೇಕೆಂದು ತನ್ನ ಹಣವನ್ನೇ ಸುರಿದು, ತಿಂಗಳುಗಟ್ಟಲೆ ತಾಳ್ಮೆಯಿಂದ ಸುಳ್ಳೊಂದನ್ನು ಕಡೆದು ನಿಲ್ಲಿಸುವವನ ಅಂತರಂಗವು ನನ್ನನ್ನು ಬಹುಕಾಲದಿಂದ ಕಾಡಿದೆ. ಅಮೆರಿಕದ ಜಾರ್ಜ್ ಹಲ್ ಎಂಬ ನಿರೀಶ್ವರವಾದಿಯು, ಪೂರ್ವದಲ್ಲಿ ಭೂಮಿಯ ಮೇಲೆ ದೈತ್ಯರಿದ್ದರೆಂಬ ಬೈಬಲ್ಲಿನ ಮಾತನ್ನು ಅಕ್ಷರಶಃ ನಂಬಿದ್ದ ಬೋಧಕನೊಬ್ಬನೊಡನೆ ವಾದಿಸಿದ ಮೇಲೆ, ಜಿಪ್ಸಮ್ ಕಲ್ಲಿನಲ್ಲಿ 10 ಅಡಿಗೂ ಮಿಕ್ಕ ಪುರುಷಾಕೃತಿಯೊಂದನ್ನು ಗುಟ್ಟಾಗಿ ಕೆತ್ತಿಸಿದನು. ಸೂಜಿಗಳನ್ನು ನೆಟ್ಟ ಹಲಗೆಯಿಂದ ಅದರ ಮೈಯನ್ನು ಬಡಿದು ರೋಮರಂಧ್ರಗಳನ್ನು ಮೂಡಿಸಿದರು. ಗಂಧಕಾಮ್ಲವನ್ನು ಹೊಯ್ದು ಪ್ರಾಚೀನತೆಯ ಬಣ್ಣವನ್ನು ಬರಿಸಿದರು. ನ್ಯೂಯಾರ್ಕ್ ಸಂಸ್ಥಾನದ ಕಾರ್ಡಿಫ್‌ನಲ್ಲಿ, ಬಂಧುವಿನ ಹೊಲದಲ್ಲಿ ಹೂಳಿದ್ದ ಆ ಮೂರ್ತಿಯು 1869ರ ಅಕ್ಟೋಬರಿನಲ್ಲಿ ಬಾವಿ ತೋಡಲು ಬಂದ ಆಳುಗಳಿಗೆ ಗೋಚರವಾಯಿತು.

50 ಸೆಂಟು ತೆತ್ತು ನೋಡಲು ಜನ ಮುಗಿಬಿದ್ದರು. ಹಲ್ಲನಿಗೆ ಧನಲೋಭವಿರಲಿಲ್ಲವೆನ್ನಲಾರೆ. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಷ್ ಅದನ್ನು ಪರೀಕ್ಷಿಸಿ ಈಚಿನ ಕೆತ್ತನೆಯೆಂದು ಸಾರಿದನು. ಡಿಸೆಂಬರಿನಲ್ಲಿ ಹಲ್ಲನೇ ಸತ್ಯವನ್ನು ಒಪ್ಪಿಕೊಂಡನು.

ಆದರೆ ಇದರಿಂದ ಆತನು ಬೋಧಕನನ್ನು ಗೆದ್ದನೆ? ನನಗೆ ಹಾಗೆ ತೋರದು. ಗುಂಡಿಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಂತವರು ಮೋಸಹೋದದ್ದು ಗ್ರಂಥಪ್ರಾಮಾಣ್ಯದಿಂದ ಮಾತ್ರವಲ್ಲ, ಯಾವುದನ್ನು ನಿರೀಶ್ವರವಾದಿಯೂ ಪರಮಪ್ರಮಾಣವೆಂದು ಹಿಡಿಯುವನೋ ಆ ಪ್ರತ್ಯಕ್ಷದಿಂದಲೇ. ಕಾಣದುದನ್ನು ಕಾಣಬೇಕೆಂಬ ಅವರ ಹಂಬಲವನ್ನು ನಾನು ಮೌಢ್ಯವೆಂದು ತಳ್ಳಲಾರೆ. ಆ ಹಂಬಲವನ್ನು ಚೆನ್ನಾಗಿ ಬಲ್ಲವನೊಬ್ಬನು ಅದನ್ನೇ ಬಲೆಯಾಗಿ ಹೆಣೆದನೆಂಬುದು ನನಗೆ ಇಂದಿಗೂ ನೋವನ್ನುಂಟುಮಾಡುತ್ತದೆ.