ಕಬ್ಬು, ಕಾವೇರಿ, ಕಂಬ: ಒಂದೇ ಪದವಿಯಲ್ಲಿ ಇರಬೇಕಾದ ಮೂರು ಶಾಸ್ತ್ರ

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಮೊದಲ ಪುಟಗಳಲ್ಲೇ ಪಠ್ಯಕ್ರಮದ ಬಗ್ಗೆ ಒಂದು ವಾದವಿದೆ. ಆಳುವವನು ಕಲಿಯಬೇಕಾದ ವಿದ್ಯೆಗಳು ಎಷ್ಟು? ಔಶನಸ ಪಂಥದವರು ದಂಡನೀತಿ, ಅಂದರೆ ಆಳ್ವಿಕೆಯ ವಿದ್ಯೆ, ಒಂದೇ ಸಾಕು ಎಂದರು. ಬಾರ್ಹಸ್ಪತ್ಯ ಪಂಥದವರು ಅದಕ್ಕೆ ವಾರ್ತೆಯನ್ನು, ಅಂದರೆ ಬೇಸಾಯ, ಪಶುಪಾಲನೆ, ವ್ಯಾಪಾರಗಳ ವಿದ್ಯೆಯನ್ನು ಸೇರಿಸಿದರು. ಮಾನವ ಪಂಥದವರು ವೇದವಿದ್ಯೆಯನ್ನೂ ಸೇರಿಸಿ ಮೂರು ಮಾಡಿದರು. ವಿಚಾರ ಮಾಡುವ ವಿದ್ಯೆ ವೇದದೊಳಗೇ ಅಡಕವಾಗಿದೆ ಎಂಬುದು ಅವರ ನಿಲುವು. ಕೌಟಿಲ್ಯ ಇವರಲ್ಲಿ ಯಾರನ್ನೂ ಒಪ್ಪುವುದಿಲ್ಲ. ವಿದ್ಯೆಗಳು ನಾಲ್ಕು, ನಾಲ್ಕನೆಯದು ವಿಚಾರ ಮಾಡುವ ಆ ವಿದ್ಯೆ, ಆನ್ವೀಕ್ಷಿಕಿ, ಅದಕ್ಕೆ ತನ್ನದೇ ಸ್ಥಾನ ಬೇಕು ಎನ್ನುತ್ತಾನೆ. ಅವನು ಕೊಡುವ ಕಾರಣ ಇಂದಿಗೂ ಹಳತಾಗಿಲ್ಲ: ಧರ್ಮದಲ್ಲಿ ಯಾವುದು ಸರಿ, ದುಡಿಮೆಯಲ್ಲಿ ಯಾವುದು ಲಾಭ, ಆಳ್ವಿಕೆಯಲ್ಲಿ ಯಾವುದು ನೀತಿ ಎಂಬುದನ್ನು ಹೇತು ಹಿಡಿದು ಪರೀಕ್ಷಿಸುವ ಕೆಲಸ ಉಳಿದ ಮೂರರಿಂದ ಆಗದು.

ನಮ್ಮ ಪದವಿ ಕಾಲೇಜುಗಳು ತಮಗರಿವಿಲ್ಲದೆಯೇ ಬಾರ್ಹಸ್ಪತ್ಯರ ಪಕ್ಷ ಸೇರಿವೆ. ಬಿ.ಎ. ತರಗತಿಯಲ್ಲಿ ಎಚ್‌.ಇ.ಪಿ. ಎಂದು ಕರೆಯುವ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೋಡಣೆ ಮಂಡ್ಯ ಸೀಮೆಯ ಮಕ್ಕಳಿಗೆ ಚಿರಪರಿಚಿತ. ತತ್ತ್ವಶಾಸ್ತ್ರ ಸಿಗುವ ಕಡೆಗಳು ವಿರಳ. ಆದರೆ 1918ರಿಂದ 1921ರವರೆಗೆ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರ ಬೋಧಿಸಿದ್ದು, ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಪಾಠ ಹೇಳಿದ್ದು ಇದೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ. ಅದೇ ಕಾಲದಲ್ಲಿ, 1920ರಲ್ಲಿ, ಆಕ್ಸ್‌ಫರ್ಡ್ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರನ್ನೂ ಕೂಡಿಸಿ ಒಂದು ಪದವಿ ಕಟ್ಟಿತು. ಈಗ ಅದರ ಮಾದರಿ ಭಾರತದ ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳಿಗೂ ಬಂದಿದೆ. ನನ್ನ ವಾದ ಇಷ್ಟು: ಈ ಮೂರನ್ನು ಒಟ್ಟಿಗೆ ಓದುವ ಪದವಿ ಸ್ಥಿತಿವಂತರ ಮಕ್ಕಳಿಗಿಂತ ಹೆಚ್ಚಾಗಿ ಕೆರಗೋಡು, ಮದ್ದೂರು, ಮಳವಳ್ಳಿಯ ರೈತರ ಮಕ್ಕಳಿಗೆ ಬೇಕು. ಏಕೆಂದರೆ ಈ ಸೀಮೆಯ ಬದುಕಿನ ದೊಡ್ಡ ಪ್ರಶ್ನೆಗಳೆಲ್ಲ ಮೂಲದಲ್ಲಿ ನ್ಯಾಯದ ಪ್ರಶ್ನೆಗಳು. ನ್ಯಾಯ ಯಾವುದು, ಅದನ್ನು ತೀರ್ಮಾನಿಸುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂಬ ಮೂರನ್ನೂ ಒಟ್ಟಿಗೆ ಕೇಳದಿದ್ದರೆ ಒಂದಕ್ಕೂ ಉತ್ತರ ಸಿಗದು.

ಕಬ್ಬಿನ ದರವನ್ನೇ ನೋಡೋಣ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಎಫ್‌ಆರ್‌ಪಿ ಘೋಷಿಸುತ್ತದೆ; ಕಾರ್ಖಾನೆಗಳು ಬೆಳೆಗಾರನಿಗೆ ಕೊಡಲೇಬೇಕಾದ ಕನಿಷ್ಠ ದರ ಅದು. 2024-25ರ ಸಾಲಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು. 1966ರ ಕಬ್ಬು ನಿಯಂತ್ರಣ ಆದೇಶ ಈ ದರ ಕಟ್ಟುವಾಗ ಗಮನಿಸಬೇಕಾದ ಅಂಶಗಳನ್ನು ಪಟ್ಟಿ ಮಾಡುತ್ತದೆ: ಬೆಳೆಯುವ ಖರ್ಚು, ಬೇರೆ ಬೆಳೆ ಇಟ್ಟಿದ್ದರೆ ಬರುತ್ತಿದ್ದ ಆದಾಯ, ಗ್ರಾಹಕನಿಗೆ ಸಕ್ಕರೆ ನ್ಯಾಯಬೆಲೆಗೆ ಸಿಗಬೇಕೆಂಬುದು, ಕಾರ್ಖಾನೆ ಸಕ್ಕರೆ ಮಾರುವ ಬೆಲೆ, ಕಬ್ಬಿನಿಂದ ಬರುವ ಸಕ್ಕರೆ ಇಳುವರಿ, ಕಾಕಂಬಿ, ಸಿಪ್ಪೆಯಂಥ ಉಪ ಉತ್ಪನ್ನಗಳ ಆದಾಯ, ಬೆಳೆಗಾರನ ಅಪಾಯಕ್ಕೂ ಲಾಭಕ್ಕೂ ತಕ್ಕ ಪಾಲು. ಇವನ್ನು ಲೆಕ್ಕ ಹಾಕಲು ಅರ್ಥಶಾಸ್ತ್ರ ಬೇಕು. ಆದರೆ ಬೆಳೆಗಾರನ ಲಾಭಕ್ಕೂ ಗ್ರಾಹಕನ ಅನುಕೂಲಕ್ಕೂ ತಿಕ್ಕಾಟ ಬಂದಾಗ ತಕ್ಕಡಿ ಯಾವ ಕಡೆ ಎಷ್ಟು ವಾಲಬೇಕು ಎಂಬುದನ್ನು ಯಾವ ಸೂತ್ರವೂ ಹೇಳದು. ಇನ್ನೂ ಹತ್ತಿರದಿಂದ ನೋಡಿದರೆ, ಸೀಮೆ ಬಿಟ್ಟು ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವವರ ಹೆಸರೇ ಆ ಪಟ್ಟಿಯಲ್ಲಿಲ್ಲ. ಅವರ ಕೂಲಿ ‘ಬೆಳೆಯುವ ಖರ್ಚು’ ಎಂಬ ಬಾಬ್ತಿನಲ್ಲಿ ಕರಗಿಹೋಗಿದೆ. ರೈತನಿಗೆ ನ್ಯಾಯ ಕೇಳುವ ಹೋರಾಟಗಾರ ಕೂಲಿಯವನ ನ್ಯಾಯವನ್ನು ಖರ್ಚು ಎಂದು ಕಂಡರೆ ಅವನ ನ್ಯಾಯ ಅರ್ಧ ನ್ಯಾಯ. ಈ ಅರ್ಧವನ್ನು ಕಾಣಿಸುವ ಕಣ್ಣು ತತ್ತ್ವಶಾಸ್ತ್ರದ್ದು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ಶೇ 15 ಬಡ್ಡಿ ಕೊಡಬೇಕು ಎಂಬ ನಿಯಮವನ್ನು ಜಾರಿ ಮಾಡಿಸುವ ಬಲ ಯಾರಲ್ಲಿದೆ ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ. ಹೀಗೆ ಒಂದು ಕ್ವಿಂಟಲ್ ಕಬ್ಬಿನ ದರದಲ್ಲೇ ಮೂರು ಶಾಸ್ತ್ರಗಳೂ ಹೆಣೆದುಕೊಂಡಿವೆ.

ಕಾವೇರಿ ಇನ್ನೂ ಕಠಿಣ ಪಾಠ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಕೊಟ್ಟಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದಕ್ಕೆ 14.75 ಟಿಎಂಸಿ ಸೇರಿಸಿತು. ಜನರ ನೆನಪಿನಲ್ಲಿ ಉಳಿದಿರುವುದು ಈ ಅಂಕಿಗಳು. ಅಂಕಿಗಳ ಹಿಂದೆ ಇರುವುದು ತತ್ತ್ವಗಳ ಕುಸ್ತಿ. ನಮ್ಮ ನೆಲದಲ್ಲಿ ಬಿದ್ದ ಮಳೆ ನಮ್ಮದು ಎನ್ನುವುದು ಒಂದು ಪಟ್ಟು. ಮೊದಲು ಬಳಸಿದವರಿಗೆ ಮೊದಲ ಹಕ್ಕು ಎನ್ನುವುದು ಇನ್ನೊಂದು. ನ್ಯಾಯಾಲಯ ಎರಡನ್ನೂ ಬಿಟ್ಟು, ಹರಿಯುವ ನದಿ ಯಾವ ರಾಜ್ಯದ ಸ್ವತ್ತೂ ಅಲ್ಲ, ಹಂಚಿಕೆ ಸಮತೂಕದ್ದಾಗಿರಬೇಕು ಎಂಬ ತತ್ತ್ವಕ್ಕೆ ನಿಂತಿತು. ಬ್ರಿಟಿಷರ ನೆರಳಿನಲ್ಲಿದ್ದ ಮೈಸೂರು ಸಂಸ್ಥಾನ ಮದ್ರಾಸಿನೊಡನೆ 1892 ಮತ್ತು 1924ರಲ್ಲಿ ಮಾಡಿಕೊಂಡ ಒಪ್ಪಂದಗಳಿಗೆ ಸರಿಸಮರ ಒಪ್ಪಿಗೆ ಇರಲಿಲ್ಲ ಎಂದು ಕರ್ನಾಟಕ ವಾದಿಸಿತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೆ 1924ರ ಒಪ್ಪಂದ 50 ವರ್ಷಗಳ ಬಳಿಕ, 1974ಕ್ಕೆ, ಮುಗಿದಿದೆ ಎಂದಿತು. ಬಲಾಬಲ ಅಸಮವಾಗಿರುವಾಗ ಹಾಕಿದ ಸಹಿ ಎಷ್ಟರ ಮಟ್ಟಿಗೆ ಕಟ್ಟುಪಾಡು ಎಂಬುದು ಶುದ್ಧ ತಾತ್ತ್ವಿಕ ಪ್ರಶ್ನೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಕುಡಿಯುವ ನೀರನ್ನು ಕಡಿತ ಮಾಡಿತ್ತು. ಸುಪ್ರೀಂ ಕೋರ್ಟ್ ಆ ಗೆರೆಯನ್ನು ಅಳಿಸಿ, ಮೇಲೆ ಹೇಳಿದ 14.75ರಲ್ಲಿ 4.75 ಟಿಎಂಸಿಯನ್ನು ನಗರಕ್ಕೆ ಕೊಟ್ಟಿತು. ದಿಣ್ಣೆಯ ಈ ಕಡೆ ನಿಂತವನ ದಾಹಕ್ಕೂ ಆ ಕಡೆ ನಿಂತವನ ದಾಹಕ್ಕೂ ವ್ಯತ್ಯಾಸವಿಲ್ಲ ಎಂಬ ನೀತಿ ಅದರೊಳಗಿದೆ.

ತತ್ತ್ವ ಓದಿದವನು ಇಲ್ಲಿಗೇ ನಿಲ್ಲುವಂತಿಲ್ಲ. ತಾನು ಹಿಡಿದ ತತ್ತ್ವವನ್ನು ತನ್ನ ಮೇಲೂ ಪ್ರಯೋಗಿಸಿ ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ತಲೆಭಾಗದಲ್ಲಿ ತೂಬು ಎತ್ತಿ ಭತ್ತ, ಕಬ್ಬು ಎರಡಕ್ಕೂ ನೀರು ಹಾಯಿಸುವವರು ಇದ್ದಾರೆ; ಮದ್ದೂರು, ಮಳವಳ್ಳಿಯ ಕೊನೆ ಭಾಗದವರು ಕಟ್ಟು ನೀರಿನ ಸರದಿ ಕಾಯುತ್ತ ಒಣಗಿದ ಪೈರು ನೋಡುವುದೂ ಇದೆ. ಮೇಲಿನವನು ಕೆಳಗಿನವನಿಗೆ ಹೇಳುವ ಮಾತು, ಕೆಳಗಿನವನು ಮೇಲಿನವನಿಗೆ ಕೊಡುವ ಜವಾಬು, ಎರಡೂ ಕರ್ನಾಟಕ ತಮಿಳುನಾಡುಗಳು ದೆಹಲಿಯಲ್ಲಿ ಆಡಿದ ಮಾತುಗಳೇ. ತಮಿಳುನಾಡಿನ ಎದುರು ಒಂದು ನ್ಯಾಯ, ಮಳವಳ್ಳಿಯ ಎದುರು ಇನ್ನೊಂದು ನ್ಯಾಯ ಹೇಳುವವನು ನ್ಯಾಯವನ್ನಲ್ಲ, ಸ್ವಂತ ಪಾಲನ್ನು ಹೇಳುತ್ತಿದ್ದಾನೆ. ಕನ್ನಂಬಾಡಿ ಕಟ್ಟೆಯ 49.45 ಟಿಎಂಸಿ ನೀರಿನಡಿ ಮುಳುಗಿದ ಹಳ್ಳಿಗಳವರು ತೆತ್ತ ಬೆಲೆ ಯಾವ ಖಾತೆಗೆ ಬರೆಯಬೇಕು ಎಂಬುದೂ ಇದೇ ಜಾತಿಯ ಪ್ರಶ್ನೆ. ಬಹುಜನರ ಹಿತಕ್ಕಾಗಿ ಕೆಲವರ ಮನೆಮಠ ಹೋದರೆ ಸರಿಯೇ ಎಂದು ಕೇಳುವುದರಿಂದ ಕಟ್ಟೆ ಕಟ್ಟಿದವರ ದೊಡ್ಡತನ ಕಡಿಮೆಯಾಗದು. ಆ ದೊಡ್ಡತನಕ್ಕೆ ಋಣಿಯಾದವರು ಋಣದ ಪೂರ್ತಿ ಲೆಕ್ಕ ತಿಳಿದಿರಬೇಕು, ಅಷ್ಟೆ.

ಧರ್ಮದ ಪ್ರಶ್ನೆ ಬಂದಾಗ ಈ ಓದಿನ ಅಗತ್ಯ ಇನ್ನೂ ತೀವ್ರ. 2024ರ ಜನವರಿ ಕೊನೆಯಲ್ಲಿ ಕೆರಗೋಡಿನ 108 ಅಡಿ ಎತ್ತರದ ಕಂಬದಿಂದ ಆಡಳಿತ ಹನುಮ ಧ್ವಜವನ್ನು ಇಳಿಸಿ ರಾಷ್ಟ್ರಧ್ವಜ ಏರಿಸಿತು. ಪ್ರತಿಭಟನೆ, ಲಾಠಿ, ಪಕ್ಷಗಳ ವಾಗ್ವಾದ ಹಿಂಬಾಲಿಸಿದವು. ಅನುಮತಿ ಕೊಟ್ಟದ್ದು ರಾಷ್ಟ್ರಧ್ವಜ ಮತ್ತು ಕನ್ನಡ ಬಾವುಟಕ್ಕೆ ಮಾತ್ರ ಎಂದು ಸರ್ಕಾರ ಹೇಳಿತು. ಇದು ಊರವರ ಭಕ್ತಿ, ಊರವರೇ ಹಣ ಕೂಡಿಸಿ ನಿಲ್ಲಿಸಿದ ಕಂಬ ಎಂದು ವಿರೋಧಿಸಿದವರು ಹೇಳಿದರು. ಇದೇ ಜಿಲ್ಲೆಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳ್ತನದಲ್ಲಿ ಸತ್ಯಾಗ್ರಹಿಗಳು ನಿಷೇಧ ಮುರಿದು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸಿದ್ದರು. ಎರಡನ್ನೂ ಒಂದೇ ಎನ್ನುವವರಿಗೂ, ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವವರಿಗೂ ಕಾರಣ ಕೊಡುವ ಹೊಣೆ ಇದೆ. ನನ್ನ ಉತ್ತರ ಹೀಗಿದೆ. ಶಿವಪುರದಲ್ಲಿ ಧ್ವಜ ಏರಿಸಿದವರು ಜನರ ಮತ ಪಡೆಯದ ಆಳ್ವಿಕೆಯನ್ನು ಪ್ರಶ್ನಿಸುತ್ತಿದ್ದರು. ಕೆರಗೋಡಿನಲ್ಲಿ ಪಂಚಾಯಿತಿ ಇದೆ, ಚುನಾವಣೆ ಇದೆ, ಸಂವಿಧಾನವಿದೆ. ಅಲ್ಲಿನ ಸಾರ್ವಜನಿಕ ಜಾಗ ಬಹುಮತದವರಿಗೆ ಎಷ್ಟು ಸೇರಿದ್ದೋ ಒಂಟಿ ಮನೆಯವನಿಗೂ ಅಷ್ಟೇ ಸೇರಿದ್ದು. ಹನುಮನ ಮೇಲಿನ ಭಕ್ತಿಗೆ ಗುಡಿಯಲ್ಲಿ, ಮನೆಯಲ್ಲಿ, ಜಾತ್ರೆಯಲ್ಲಿ ಪೂರ್ಣ ಹಕ್ಕಿದೆ. ಅನುಮತಿಯ ಷರತ್ತಿಗೆ ಒಳಪಟ್ಟ ಜಾಗದಲ್ಲಿ ಆ ಷರತ್ತು ಭಕ್ತಿಗೂ ಅನ್ವಯಿಸುತ್ತದೆ. ಹಾಗೆಯೇ, ಊರಿನವರೊಡನೆ ಕೂತು ಮಾತಾಡುವ ಮೊದಲು ಪೊಲೀಸರನ್ನು ಮುಂದೆ ಬಿಡುವ ಆಡಳಿತ ಕಾನೂನಿನಲ್ಲಿ ಗೆದ್ದರೂ ಸಮ್ಮತಿಯಲ್ಲಿ ಸೋಲುತ್ತದೆ. ಇದನ್ನು ಒಪ್ಪದವರು ಇರಬಹುದು. ಆದರೆ ಭಕ್ತಿ, ಹಕ್ಕು, ಅನುಮತಿ, ಬಹುಮತ ಎಂಬ ನಾಲ್ಕನ್ನು ಬೇರೆಬೇರೆಯಾಗಿ ಎತ್ತಿ ನೋಡಲು ಕಲಿತವರ ನಡುವೆ ನಡೆಯುವ ಜಗಳಕ್ಕೆ ಲಾಠಿ ಬೇಕಾಗುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪಣೆ ಹೊಟ್ಟೆಪಾಡಿನದು. ಸಾಲ ಮಾಡಿ ಓದಿಸುವ ತಂದೆತಾಯಿಗೆ ತತ್ತ್ವಶಾಸ್ತ್ರದಿಂದ ಕೆಲಸ ಸಿಗುತ್ತದೆಯೇ ಎಂಬುದೇ ಮುಖ್ಯ. ಆ ಪ್ರಶ್ನೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಈಗಿನ ಜೋಡಣೆ ಓದಿದವರ ಆಸೆ ಇರುವುದು ಹೆಚ್ಚಾಗಿ ಪಿಡಿಒ, ಎಫ್‌ಡಿಎ, ಕೆಎಎಸ್, ಶಿಕ್ಷಕ ವೃತ್ತಿಗಳ ಮೇಲೆ. ಕೇಂದ್ರ ಲೋಕಸೇವಾ ಆಯೋಗ 2013ರಿಂದ ನೀತಿಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ ಇಟ್ಟಿದೆ. ಅದನ್ನು ಕೋಚಿಂಗ್ ಸೆಂಟರಿನಲ್ಲಿ ಬಾಯಿಪಾಠ ಮಾಡುವುದಕ್ಕಿಂತ ಮೂರು ವರ್ಷ ಓದಿ ಅರಗಿಸಿಕೊಳ್ಳುವುದು ಮೇಲು. ಅದಕ್ಕಿಂತ ಮುಖ್ಯವಾಗಿ, ಕಂಬಕ್ಕೆ ಅನುಮತಿ ಕೊಡುವ, ನೀರಿನ ಸರದಿ ನಿಗದಿ ಮಾಡುವ, ಮನೆ ಹಂಚುವ ಪಟ್ಟಿ ತಯಾರಿಸುವ ಕೈಗಳು ಇವರದೇ. ಆ ಕೆಲಸಗಳೆಲ್ಲ ನ್ಯಾಯ ತೀರ್ಮಾನಗಳು.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು: ಮೂರನ್ನೂ ಸ್ವಲ್ಪಸ್ವಲ್ಪ ಓದಿದವನು ಯಾವುದರಲ್ಲೂ ಆಳಕ್ಕಿಳಿಯದೆ ಮಾತುಗಾರನಾಗುತ್ತಾನೆ. ಹೆರಾಲ್ಡ್ ವಿಲ್ಸನ್, ಎಡ್ವರ್ಡ್ ಹೀತ್, ಡೇವಿಡ್ ಕ್ಯಾಮರಾನ್, ಲಿಜ್ ಟ್ರಸ್, ರಿಷಿ ಸುನಕ್ ಎಲ್ಲರೂ ಆಕ್ಸ್‌ಫರ್ಡಿನ ಈ ಪದವಿಯವರೇ. ಎಲ್ಲ ವಿಷಯದ ಮೇಲೂ ಸಲೀಸಾಗಿ ಮಾತಾಡುವ, ಜನರ ಪಾಡು ತಿಳಿಯದ ಆಳುವ ವರ್ಗವನ್ನು ಅದು ತಯಾರಿಸಿದೆ ಎಂಬ ಟೀಕೆ ಬ್ರಿಟನ್ನಿನಲ್ಲೇ ಇದೆ. ಟೀಕೆಯಲ್ಲಿ ಹುರುಳಿದೆ. ಆದರೆ ಅದು ಮುಟ್ಟುವುದು ಓದಿನ ರೀತಿಯನ್ನು, ಮೂರರ ಕೂಡಿಕೆಯನ್ನಲ್ಲ. ಅಲ್ಲಿ ಮೊದಲ ವರ್ಷದ ಬಳಿಕ ಮೂರರಲ್ಲಿ ಒಂದನ್ನು ಬಿಟ್ಟುಬಿಡಲು ಅವಕಾಶವಿದೆ. ನಾನು ಹೇಳುವ ಪದವಿಯಲ್ಲಿ ಯಾವುದನ್ನೂ ಬಿಡುವಂತಿಲ್ಲ. ಮೂರನ್ನೂ ಒಂದು ನಿರ್ದಿಷ್ಟ ವಿಷಯದ ಮೇಲೆ ತಿಕ್ಕಿ ನೋಡಬೇಕು. ಮೊದಲ ವರ್ಷ ತರ್ಕ, ನೀತಿಶಾಸ್ತ್ರ, ಸಂವಿಧಾನ. ಎರಡನೆಯ ವರ್ಷ ಕಾವೇರಿ ತೀರ್ಪನ್ನು ಮೊದಲಿಂದ ಕೊನೆಯವರೆಗೆ ಓದುವುದು. ಮೂರನೆಯ ವರ್ಷ ಒಂದು ಗ್ರಾಮ ಪಂಚಾಯಿತಿಯ ಆಯವ್ಯಯವನ್ನು ಬಾಬ್ತು ಬಾಬ್ತಾಗಿ ಪರಿಶೀಲಿಸಿ ವರದಿ ಬರೆಯುವುದು. ಇದೆಲ್ಲ ಕನ್ನಡದಲ್ಲೇ ನಡೆಯಬೇಕು. ಆಗ ವಿದ್ಯಾರ್ಥಿಯ ವರದಿಯನ್ನು ಆ ಪಂಚಾಯಿತಿಯ ಸದಸ್ಯರೂ ಓದಿ ತಪ್ಪು ತೋರಿಸಬಲ್ಲರು. ಪೊಳ್ಳು ಮಾತಿಗೆ ಅಲ್ಲಿ ಉಳಿಗಾಲವಿಲ್ಲ.

ಮೂರನೆಯ ಆಕ್ಷೇಪಣೆ ಮನೆಯ ಹಿರಿಯರದು. ಒಳ್ಳೆಯದು ಕೆಟ್ಟದ್ದನ್ನು ಧರ್ಮ ಕಲಿಸುತ್ತದೆ, ಅದನ್ನು ಕಾಲೇಜಿನಲ್ಲಿ ಕೆದಕಿದರೆ ಮಕ್ಕಳ ನಂಬಿಕೆ ಅಲುಗಾಡುತ್ತದೆ ಎಂಬ ಭಯ ಅವರಿಗಿದೆ. ಕನ್ನಡದ ಧರ್ಮಪರಂಪರೆಯೇ ಇದಕ್ಕೆ ಉತ್ತರ ಕೊಟ್ಟಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಭಕ್ತಿಯನ್ನೂ ಬೊಕ್ಕಸವನ್ನೂ ಅಧಿಕಾರವನ್ನೂ ಒಂದೇ ನೀತಿಗೆ ಒಪ್ಪಿಸಿದವರು. ಅದೇ ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಅವನ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಇದು ಅಗತ್ಯವೋ ಆಸೆಯೋ ಎಂದು ಗಂಡನನ್ನು ಪ್ರಶ್ನಿಸಿ, ಹೆಚ್ಚಿನ ಅಕ್ಕಿಯನ್ನು ಬಿದ್ದಿದ್ದ ಕಡೆಯೇ ಹಾಕಿ ಬರಲು ಹೇಳಿದಳು. ಆ ಬಡ ಹೆಣ್ಣಿನ ಪ್ರಶ್ನೆಯಲ್ಲಿ ಹಂಚಿಕೆಯ ಅರ್ಥಶಾಸ್ತ್ರವಿದೆ, ಗಂಡನ ಮಾತೇ ಕೊನೆಯಲ್ಲ ಎಂಬ ರಾಜಕೀಯವಿದೆ, ಸಾಕು ಎಂಬುದರ ತತ್ತ್ವವಿದೆ. ಅವಳ ನಂಬಿಕೆ ಪ್ರಶ್ನೆಯಿಂದ ಸಡಿಲವಾಗಲಿಲ್ಲ, ಗಟ್ಟಿಯಾಯಿತು. ಪರೀಕ್ಷೆಗೆ ಹೆದರುವ ನಂಬಿಕೆಯನ್ನು ಯಾರು ಬೇಕಾದರೂ ಕೆರಳಿಸಬಹುದು. ಪರೀಕ್ಷೆಯಲ್ಲಿ ಬೆಂದ ನಂಬಿಕೆಯನ್ನು ಚುನಾವಣೆಗೆ ಬಳಸಿಕೊಳ್ಳುವುದು ಸುಲಭವಲ್ಲ.

ಕೊನೆಯದಾಗಿ, ಡಿ.ವಿ. ಗುಂಡಪ್ಪನವರು ಪದವಿ ಇಲ್ಲದೆಯೇ ವೇದಾಂತವನ್ನೂ ರಾಜ್ಯಶಾಸ್ತ್ರವನ್ನೂ ಕೂಡಿಸಿ ಚಿಂತಿಸಿದರಲ್ಲ, ಇದಕ್ಕೆ ಕಾಲೇಜೇಕೆ ಎಂದು ಕೇಳಬಹುದು. ಅದೇ ಡಿ.ವಿ.ಜಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಏಕೆ ಎಂದು ನಾವೂ ಕೇಳಬೇಕು. ಒಬ್ಬ ಅಸಾಧಾರಣ ವ್ಯಕ್ತಿ ಸ್ವಂತ ಶ್ರಮದಿಂದ ಗಳಿಸಿದ್ದನ್ನು ಸಾಧಾರಣರಿಗೆಲ್ಲ ತಲುಪಿಸುವುದಕ್ಕೇ ಸಂಸ್ಥೆ ಇರುವುದು. ಕರ್ನಾಟಕ 2024-25ರಿಂದ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದೆ, ಪಠ್ಯಗಳನ್ನು ಹೊಸದಾಗಿ ಹೊಂದಿಸಿದೆ. ಹೊಂದಿಸಲು ಬರುವ ಪಠ್ಯಕ್ಕೆ ತತ್ತ್ವಶಾಸ್ತ್ರವನ್ನು ಸೇರಿಸಲೂ ಬರುತ್ತದೆ. ಮಂಡ್ಯ ಜಿಲ್ಲೆಯ ಒಂದೇ ಒಂದು ಸರ್ಕಾರಿ ಕಾಲೇಜು ಮೂರು ಶಾಸ್ತ್ರಗಳ ಈ ಪದವಿಯನ್ನು ಕನ್ನಡದಲ್ಲಿ ಆರಂಭಿಸಲಿ. ಕಬ್ಬಿನ ದರಕ್ಕೂ ನೀರಿನ ಪಾಲಿಗೂ ಬಾವುಟಕ್ಕೂ ಬೀದಿಗಿಳಿಯುವ ಧೈರ್ಯ ಈ ಸೀಮೆಗೆ ಯಾವತ್ತೂ ಕಡಿಮೆಯಾಗಿಲ್ಲ. ಬೀದಿಗಿಳಿದವರು ತಾವು ಕೇಳುವ ನ್ಯಾಯವನ್ನು ಎದುರಿನವರಿಗೂ ಅನ್ವಯಿಸಿ ಹೇಳಬಲ್ಲವರಾದರೆ ಅವರ ಮಾತನ್ನು ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಸುಲಭವಾಗದು.